ಇನ್ನೂ ಬಾರದ ಪ್ರೊಸೆಸರ್

ನಂಬಬೇಡಿ. ಧೈರ್ಯವಿದ್ದರೆ ಕೊನೆಯ ಸಾಲಿನವರೆಗೂ ಓದಿ, ಆಮೇಲೂ ನಂಬದೆ ಇರಿ, ನೋಡೇ ಬಿಡೋಣ. ನನ್ನ ಮಾತನ್ನು ನಂಬುವುದಿಲ್ಲ ಎಂದು ಹೇಳಿಕೊಂಡು ತಿರುಗುವವರು ಅಜ್ಜಂಪುರದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರೆಲ್ಲರ ಮದುವೆ ಆಲ್ಬಮ್ ಮಾಡಿಕೊಟ್ಟವನು ನಾನೇ. ಮಂಟಪದ ಮುಂದೆ ಹತ್ತು ಸಲ ಬಂದು ಎದೆ ಉಬ್ಬಿಸಿ ನಿಲ್ಲುತ್ತಿದ್ದ ಚಿಕ್ಕಪ್ಪ, ದೊಡ್ಡಪ್ಪಂದಿರಿಗೆ ರೀಲಿಲ್ಲದ ಕ್ಯಾಮೆರಾದಲ್ಲಿ ಬರೀ ಫ್ಲ್ಯಾಶ್ ಹೊಡೆದು ಕಳಿಸುತ್ತಿದ್ದೆ. ‘ನನ್ ಫೋಟೋನೇ ಇಲ್ವಲ್ಲಯ್ಯ’ ಎಂದು ಅವರು ಬಂದರೆ, ‘ನಿಮ್ ತೇಜಸ್ಸಿಗೆ ರೀಲು ಸುಟ್ಟೋಯ್ತು ಕಣ್ರೀ’ ಎನ್ನುತ್ತಿದ್ದೆ. ಖುಷಿಯಾಗಿ ಹೋಗುತ್ತಿದ್ದರು. ನಂಬಿಕೆ ಎಂದರೆ ಅದು.

ಈಗ ಸ್ಟುಡಿಯೋ ಇಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇದೆ. ಬೇರೆಯವರು ಹಿಡಿದ ಮದುವೆ ವಿಡಿಯೋಗಳನ್ನು ಕತ್ತರಿಸಿ, ಜೋಡಿಸಿ, ಓಲಗ ಕೂಡಿಸಿ ಒಂದು ಚಿತ್ರ ಮಾಡಿಕೊಡುತ್ತೇನೆ. ಎಪ್ಪತ್ತೆರಡು ವರ್ಷಕ್ಕೆ ಈ ಕೆಲಸ ಮಾಡುವ ಇನ್ನೊಬ್ಬನನ್ನು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಹುಡುಕಿ ತನ್ನಿ, ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ.

ಹೋದ ವರ್ಷಕ್ಕೆ ಆ ಕಂಪ್ಯೂಟರಿಗೆ ಏಳು ವರ್ಷ ತುಂಬಿತ್ತು. ಅದರ ಪ್ರೊಸೆಸರ್ ಬದಲಾಯಿಸಬೇಕು ಎಂದು ಐದು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಪ್ರತಿ ಸಲವೂ ಇನ್ನೊಂದು ಹೊಸದು ಬರುತ್ತದೆ ಎಂಬ ಸುದ್ದಿ ಬರುತ್ತಿತ್ತು, ಹಳೆಯದರ ಬೆಲೆ ಇಳಿಯಲಿ ಎಂದು ಕಾಯುತ್ತಿದ್ದೆ. ಊರಿನವರು ಟಿ.ವಿ. ಕೊಳ್ಳಲಿ, ಮೊಬೈಲ್ ಕೊಳ್ಳಲಿ, ನನ್ನನ್ನು ಕೇಳಿದರೆ ನಾನು ಕೊಡುತ್ತಿದ್ದ ಸಲಹೆಯೂ ಒಂದೇ: ‘ತಡೀರಿ.’ ಕೆಲವರು ಇನ್ನೂ ತಡೆದುಕೊಂಡೇ ಇದ್ದಾರೆ.

ಹೋದ ವರ್ಷ ಕಡೂರಿನ ಛತ್ರದಲ್ಲಿ ಒಂದು ಮದುವೆ ಆಯಿತು. ಗಂಡಿನವರದು ಸಿಂಗಟಗೆರೆ. ಭಾನುವಾರ ಧಾರೆ, ಗುರುವಾರ ಅವರ ಮನೆಯಲ್ಲಿ ಬೀಗರೂಟ. ಹೋಳಿಗೆ ಊಟವಾದ ಮೇಲೆ ಶಾಮಿಯಾನದ ಕೆಳಗೆ ಬಿಳಿ ಪರದೆ ಕಟ್ಟಿ, ಎರಡೂ ಕಡೆಯ ನೆಂಟರಿಗೆ ಮದುವೆಯ ಚಿತ್ರ ತೋರಿಸಬೇಕು ಎನ್ನುವುದು ಗಂಡಿನ ತಂದೆಯ ಆಸೆ. ‘ಆಗುತ್ತಾ?’ ಎಂದು ಕೇಳಿದರು. ‘ಬುಧವಾರಕ್ಕೇ ತಗೊಳ್ಳಿ’ ಎಂದೆ. ಬಾಯಿ ನನ್ನದು, ದುಡಿಯಬೇಕಾದದ್ದು ಪ್ರೊಸೆಸರ್.

ಸೋಮವಾರ ಎಲ್ಲ ತುಣುಕುಗಳನ್ನೂ ಜೋಡಿಸಿ, ಒಂದೇ ಚಿತ್ರವಾಗಿ ಹೊರತೆಗೆಯಲು ಕಂಪ್ಯೂಟರಿಗೆ ಕೊಟ್ಟೆ. ಇನ್ನು ಹತ್ತು ಗಂಟೆ ಬೇಕು ಎಂದು ಪರದೆ ತೋರಿಸಿತು. ಕಾಫಿ ಕುಡಿದು ಬಂದು ನೋಡಿದರೆ ಹದಿನೆಂಟು. ಸ್ನಾನ ಮಾಡಿ ಬಂದರೆ ಮೂವತ್ತು. ಊಟಕ್ಕೆ ಕೂತಾಗ ಟಪ್ ಎಂದು ಆರಿಯೇ ಹೋಯಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು.

ಮಂಗಳವಾರ ಬೆಳಗ್ಗೆ ಕಡೂರಿನಿಂದ ಫೋನು. ಮಾಡಿದವನು ನನ್ನ ಹತ್ತಿರವೇ ಕ್ಯಾಮೆರಾ ಹಿಡಿಯಲು ಕಲಿತ ಶಿಷ್ಯ, ಈಗ ಕಡೂರಿನಲ್ಲಿ ದೊಡ್ಡ ಸ್ಟುಡಿಯೋ ಇಟ್ಟಿದ್ದಾನೆ. ಆ ಮದುವೆಯ ವಿಡಿಯೋ ಹಿಡಿದವನೂ ಅವನೇ.

“ಗುರುಗಳೇ, ಎಲ್ಲಿಗ್ ಬಂತು?”

“ಮುಗೀತಾ ಬಂತು ಕಣೋ.”

“ಮಿಷನ್ನು ಕೈ ಕೊಟ್ಟಿದ್ರೆ ಹೇಳಿ, ನಾಚ್ಕೋಬೇಡಿ. ನಂದು ಹೊಸಾದು ತಂದಿವ್ನಿ. ಇತ್ಲಾಗ್ ಕಳ್ಸಿ, ಮಧ್ಯಾಹ್ನದೊಳ್ಗೆ ಮಾಡ್ಬಿಡ್ತೀನಿ. ನೀವು ಆರಾಮಾಗಿ ಬೀಗರೂಟಕ್ಕ್ ಬಂದು ಹೋಳ್ಗೆ ತಿನ್ನೋರಂತೆ.”

“ಲೇ, ನಿಂಗೆ ಫೋಕಸ್ ಮಾಡೋದ್ ಹೇಳ್ಕೊಟ್ಟೋನು ನಾನು ಕಣೋ. ಫೋನ್ ಮಡಗು.”

ಮಡಗಿದ. ಈ ಒಂದು ಚಿತ್ರ ಅವನ ಕೈಗೆ ಹೋದರೆ ಮುದುಕನ ಕಾಲ ಮುಗಿಯಿತು ಎಂದು ಮೂರೂರಿಗೂ ಗೊತ್ತಾಗುತ್ತದೆ. ಆಮೇಲೆ ಒಂದು ನಾಮಕರಣವೂ ನನ್ನ ಕೋಣೆಗೆ ಬರುವುದಿಲ್ಲ. ಕೆಲಸವಿಲ್ಲದೆ ಜಗಲಿಯ ಮೇಲೆ ಕೂತು ಬಸ್ಸು ಎಣಿಸುವವನು ನಾನಲ್ಲ.

ತರೀಕೆರೆಗೆ ಬಸ್ಸು ಹತ್ತಿದೆ. ನನ್ನ ಕಂಪ್ಯೂಟರನ್ನು ಜೋಡಿಸಿಕೊಟ್ಟ ಅಂಗಡಿಯವನು ಅಲ್ಲಿಯವನು, ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಬಾರದೆ ವ್ಯಾಪಾರ ಕೆಡಿಸಿಕೊಳ್ಳುವವನು.

“ಪ್ರೊಸೆಸರ್ ಒಂದೇ ಹಾಕಕ್ಕಾಗಲ್ಲ ಸಾರ್. ಈಗಿಂದು ನಿಮ್ ಬೋರ್ಡಲ್ಲಿ ಕೂರಲ್ಲ. ಬೋರ್ಡು, ರ‍್ಯಾಮು ಎಲ್ಲಾ ಬದಲಾಯಿಸ್ಬೇಕು.”

“ಹಾಕು. ನಾಳೆ ಬೆಳಗ್ಗೆಗ್ ಬೇಕು.”

“ಬೋರ್ಡು ತರಿಸ್ಬೇಕು ಸಾರ್, ಶುಕ್ರವಾರ ಆಯ್ತದೆ. ಇನ್ನೊಂದ್ ಮಾತು. ಎರಡು ತಿಂಗಳಲ್ಲಿ ಹೊಸ ಪ್ರೊಸೆಸರ್ ಬತ್ತೈತೆ ಅಂತವ್ರೆ. ನಿಮ್ ಜಾಗದಲ್ಲಿ ನಾನಿದ್ರೆ ಕಾಯ್ತಿದ್ದೆ.”

ಐದು ವರ್ಷ ನಾನು ಊರಿಗೆಲ್ಲ ಹೇಳಿದ ಮಾತು ತಿರುಗಿ ಬಂದು ನನಗೇ ಬಡಿಯಿತು. ಈಗ ಕೊಂಡರೆ ಶುಕ್ರವಾರ, ಕಾದರೆ ಎರಡು ತಿಂಗಳು, ಬೀಗರೂಟ ಗುರುವಾರ.

“ಒಂದ್ ನಿಮಿಷ ಸಾರ್,” ಎಂದ ಅಂಗಡಿಯವನು. “ಓಡ್ತಿರುವಾಗ ಡಬ್ಬದ್ ಹಿಂದೆ ಕೈ ಇಟ್ರೆ ಬಿಸಿ ಗಾಳಿ ಬತ್ತೈತಾ?”

“ನನ್ ಮಿಷನ್ನಿಗೆ ಬಿಸಿನಾ? ಒಂಚೂರೂ ಇಲ್ಲ. ತಣ್ಣಗಿರ್ತದೆ, ಮಡಿಕೆ ನೀರಿದ್ದಂಗೆ!”

ಹೆಮ್ಮೆಯಿಂದಲೇ ಹೇಳಿ ಬಂದೆ. ಅವನು ಇನ್ನೇನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ನನ್ನ ಬಸ್ಸು ಬಂತು. ಅರ್ಧ ದಾರಿಯಲ್ಲಿ ನನ್ನ ಬುದ್ಧಿಗೆ ಬೆಳಕು ಬಿತ್ತು. ಸ್ಟುಡಿಯೋದಲ್ಲಿ ಸಾವಿರ ವ್ಯಾಟಿನ ದೀಪಗಳನ್ನು ಇಪ್ಪತ್ತೈದು ವರ್ಷ ಸಾಕಿದವನು ನಾನು. ಒಳಗೆ ಉರಿಯುವ ವಸ್ತುವಿದ್ದೂ ಹೊರಗೆ ಬಿಸಿ ಬರುತ್ತಿಲ್ಲ ಎಂದರೆ ಗಾಳಿಯ ದಾರಿ ಕಟ್ಟಿದೆ, ಒಳಗೇ ಬೆಂದು ಪ್ರೊಸೆಸರ್ ಕುಂಟುತ್ತಿದೆ ಎಂದೇ ಅರ್ಥ. ಹೀಗೇ ಒಂದು ದೀಪ ಮದುಮಗನ ತಲೆಯ ಮೇಲೆ ಪಟಾರ್ ಎಂದು ಸಿಡಿದಿತ್ತು. ಬಸ್ಸಿನಲ್ಲೇ ತೊಡೆ ತಟ್ಟಿಕೊಂಡೆ. ಪಕ್ಕದ ಸೀಟಿನಾಕೆ ಚೀಲ ಎತ್ತಿಕೊಂಡು ಮುಂದಿನ ಸೀಟಿಗೆ ಹೋದಳು.

ಬುಧವಾರ ಬೆಳಗ್ಗೆ ಪಂಚೆ ಮೇಲಕ್ಕೆ ಕಟ್ಟಿ ಕೂತೆ. ಜೀವಮಾನದಲ್ಲಿ ಮೊದಲ ಸಲ ಆ ಡಬ್ಬದ ಸ್ಕ್ರೂ ಬಿಚ್ಚಿದೆ. ಒಳಗೆ ಕಂಡದ್ದನ್ನು ಹೇಗೆ ವರ್ಣಿಸಲಿ! ಪ್ರೊಸೆಸರಿನ ಮೇಲೆ ಬಿಸಿ ಹೀರುವ ಲೋಹದ ಹಲ್ಲುಗಳಿರುತ್ತವೆ, ಅದರ ಮೇಲೊಂದು ಸಣ್ಣ ಫ್ಯಾನು. ಹಲ್ಲುಗಳ ಸಂದೆಲ್ಲ ಬೂದು ಬಣ್ಣದ ಮೆತ್ತೆ. ಮೂಸಿ ನೋಡಿದೆ. ಮಠದ ಗದ್ದುಗೆಯ ಹತ್ತಿರ ಬರುತ್ತದಲ್ಲ, ಅದೇ ವಾಸನೆ.

ನಮ್ಮ ಮನೆಯಲ್ಲಿ ಆಯುಧಪೂಜೆಗೆ ಕ್ಯಾಮೆರಾ, ಟ್ರೈಪಾಡ್, ಕಂಪ್ಯೂಟರ್ ಎಲ್ಲಕ್ಕೂ ವಿಭೂತಿ. ಯಂತ್ರಕ್ಕೆ ಪೂಜೆ ಮಾಡುವಾಗ ಅದು ಓಡುತ್ತಿರಬೇಕು, ಆರಿದ್ದರೆ ಮಲಗಿದವರಿಗೆ ಮಂಗಳಾರತಿ ಮಾಡಿದಂತೆ ಎನ್ನುವುದು ನನ್ನದೇ ಶಾಸ್ತ್ರ. ಹಾಗಾಗಿ ಡಬ್ಬದ ಪಕ್ಕದ ತೂತುಗಳ ಮೇಲೇ ಮೂರು ಬೆರಳಲ್ಲಿ ದಪ್ಪಗೆ ವಿಭೂತಿ ಬಳಿದು, ಫ್ಯಾನು ತಿರುಗುತ್ತಿರುವಾಗಲೇ ಸಾಂಬ್ರಾಣಿ ಹೊಗೆ ಹಾಕುತ್ತಿದ್ದೆ. ಹಬ್ಬಕ್ಕೊಂದು ಸಲ ಸಾಲದು ಎಂದು ಪ್ರತಿ ಸೋಮವಾರವೂ. ಹೊಗೆಯನ್ನು ಅದು ಸುರ್ರನೆ ಒಳಗೆಳೆದುಕೊಳ್ಳುವುದನ್ನು ನೋಡಿ, ‘ಸ್ವೀಕಾರ ಮಾಡ್ತು ನೋಡೇ’ ಎಂದು ಹೆಂಡತಿಗೆ ತೋರಿಸುತ್ತಿದ್ದೆ. ಏಳು ವರ್ಷ ಸ್ವೀಕಾರ ಮಾಡಿದೆ, ಪಾಪ. ಉಸಿರು ಕಟ್ಟಿಕೊಂಡೇ ಮೂರೂರಿನ ಮದುವೆಗಳನ್ನು ಮಾಡಿಕೊಟ್ಟಿದೆ.

ನೆಗೆಟಿವ್ ತಿದ್ದುತ್ತಿದ್ದ ಹಳೆಯ ಕುಂಚ ತಂದೆ. ಲೆನ್ಸಿನ ಧೂಳು ಊದುವ ರಬ್ಬರ್ ಬುಗ್ಗೆ ತಂದೆ. ಫ್ಯಾನು ಬಿಚ್ಚಿಟ್ಟು, ಒಂದೊಂದೇ ಸಂದಿನಿಂದ ಮೆತ್ತೆ ಬಿಡಿಸಿದೆ. ಕುಂಚ ಹಿಡಿದ ಈ ಕೈ ನಡುಗಲಿಲ್ಲ, ಅದನ್ನು ಬರೆದುಕೊಳ್ಳಿ. ಹಳೆಯ ಪೇಪರಿನ ಮೇಲೆ ಬಿದ್ದ ಬೂದಿಯನ್ನು ನೋಡಿ ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ಮೂರೂರ್ ಹುಡುಕಿದ್ರೂ ನಿಮ್ಮಂಥ ಕೈ ಸಿಗಲ್ಲ ಕಣ್ರೀ” ಎಂದಳು.

ಫ್ಯಾನು ಮತ್ತೆ ಕೂರಿಸಿ, ಡಬ್ಬ ಮುಚ್ಚಿ, ಹಚ್ಚಿದೆ. ಹಿಂದೆ ಕೈಯಿಟ್ಟರೆ ಬಿಸಿ ಗಾಳಿ ಬುಸ್ಸೆಂದು ಬಂತು. ಮೂವತ್ತು ಗಂಟೆ ಎಂದಿದ್ದದ್ದು ಐದೂವರೆ ಗಂಟೆಯಲ್ಲಿ, ದೀಪ ಹಚ್ಚುವ ಹೊತ್ತಿಗೆ ಮುಗಿಯಿತು.

ಗುರುವಾರ ಸಿಂಗಟಗೆರೆಯಲ್ಲಿ ಚಿತ್ರ ಓಡಿತು. ಧಾರೆಯ ಹೊತ್ತಿಗೆ ಹೆಣ್ಣಿನ ತಾಯಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಗಂಡಿನ ತಂದೆ ಎಲ್ಲರೆದುರಿಗೆ ನನ್ನ ಕೈ ಹಿಡಿದು, ತಂಗಿಯ ಮಗಳ ಮದುವೆ ಶ್ರಾವಣದಲ್ಲಿದೆ, ಅದೂ ನಿಮಗೇ ಎಂದರು. ಕಡೂರಿನವನು ಹಿಂದಿನ ಸಾಲಿನಿಂದ ಎದ್ದು ಬಂದು ಕಿವಿಯ ಹತ್ತಿರ ಕೇಳಿದ:

“ಗುರುಗಳೇ, ನಿಜ ಹೇಳಿ. ಯಾವ್ ಪ್ರೊಸೆಸರ್ ಹಾಕ್ಸಿದ್ರಿ?”

ಆ ಕಡೆ ಈ ಕಡೆ ನೋಡಿದೆ. ಧ್ವನಿ ತಗ್ಗಿಸಿದೆ. “ಎರಡ್ ತಿಂಗಳು ಬಿಟ್ಟು ಬರ್ಬೇಕಾಗಿರೋದು. ನಂಗ್ ಮೊದ್ಲೇ ಒಂದ್ ತರಿಸ್ಕೊಟ್ರು. ಯಾರ್ಗೂ ಹೇಳ್ಬೇಡ.”

ಶುಕ್ರವಾರ ಬೆಳಗ್ಗೆ ತರೀಕೆರೆಯ ಅಂಗಡಿಯವನ ಫೋನು. “ಸಾರ್, ಏನ್ ಮಾಡಿದ್ರಿ? ನಿಮ್ ಶಿಷ್ಯ ಇಲ್ಲಿ ಬಂದು ಕೂತವ್ನೆ. ಗುರುಗಳ್ಗೆ ಕೊಟ್ಟಿದ್ದು ನಂಗೂ ಕೊಡು ಅಂತ ಕುತ್ಗೆ ಮೇಲ್ ಕೂತವ್ನೆ. ಅದಿನ್ನೂ ಹುಟ್ಟೇ ಇಲ್ಲ ಅಂದ್ರೂ ನಂಬ್ತಿಲ್ಲ!”

“ಕಾಯಕ್ ಹೇಳಪ್ಪ,” ಎಂದೆ.

ಅಂಗಡಿಯವನು ನಕ್ಕು, ಹೊಸದು ಬಂದ ಮೇಲೆ ನಿಮಗೂ ಒಂದು ಎತ್ತಿಡಲೇ ಎಂದು ಕೇಳಿದ. ಬೇಡ ಎಂದೆ. ಹಳೆಯದೇ ‘ಸಾಕಪ್ಪ’ ಎನ್ನುವವರೆಗೂ ಅದನ್ನೇ ದುಡಿಸುತ್ತೇನೆ. ಸಾಂಬ್ರಾಣಿಯನ್ನು ಈಗ ಮೂರು ಮಾರು ದೂರದಿಂದ ತೋರಿಸುತ್ತೇನೆ.

ಇಷ್ಟೂ ನಿಜ, ಒಂದನ್ನು ಬಿಟ್ಟು. ನನ್ನಂಥ ಕೈ ಸಿಗುವುದಿಲ್ಲ ಎಂದು ಹೆಂಡತಿ ಹೇಳಲಿಲ್ಲ. ಅದನ್ನು ನಾನೇ ಸೇರಿಸಿದೆ. ಅವಳು ಬಾಗಿಲಲ್ಲಿ ನಿಂತಿದ್ದಳು, ಬೂದಿಯನ್ನೂ ನೋಡಿದಳು. ಹೇಳಿದ್ದು ಮಾತ್ರ ಬೇರೆ:

“ತುಂಬ್ಸಿದೋರೂ ನೀವೇ, ತೆಗ್ದೋರೂ ನೀವೇ. ಇದ್ರಾಗೆ ಕೊಚ್ಕೊಳದೇನ್ ಬಂತು? ಏಳಿ, ಕಸ ಗುಡಿಸ್ಬೇಕು.”