ಇಳಕಲ್ಲಿನ ವಿದೇಶಿ ವಿದ್ಯಾರ್ಥಿನಿ

“ನಿಮ್ಮ ಹುಡುಗಿ ಯಾವ ದೇಶದಾಕಿ ರೀ?”

ಫೋನ್ ಮಾಡಿದವರು ಫಿಸಿಯೋಥೆರಪಿ ಕಾಲೇಜಿನ ಅಡ್ಮಿಷನ್ ವಿಭಾಗದ ಮೇಡಂ. ಕೇಳಿದ್ದು ನನ್ನ ಅಕ್ಕನ ಮಗಳು ಅಕ್ಷತಾಳ ಬಗ್ಗೆ. ಆಕೆ ಹುಟ್ಟಿದ್ದು ಇಳಕಲ್ಲಿನಲ್ಲಿ, ಬೆಳೆದದ್ದೂ ಅಲ್ಲೇ. ಜಿಲ್ಲೆಯ ಗಡಿ ದಾಟಿದ್ದು ಒಮ್ಮೆ, ಅದೂ ಕುಷ್ಟಗಿಯಲ್ಲಿ ಯಾರದೋ ಮದುವೆ ಇತ್ತು ಅಂತ.

“ಇಳಕಲ್ದಾಕಿ ರೀ” ಎಂದೆ.

“ಇಳಕಲ್ಲಿಗೆ ವೀಸಾ ಯಾವಾಗಿಂದ ಬೇಕಾತ್ರಿ? ಅರ್ಜ್ಯಾಗ ಇಂಟರ್‌ನ್ಯಾಷನಲ್ ಅಂತ ಹಾಕೀರಿ. ಪಾಸ್‌ಪೋರ್ಟ್ ನಂಬರ್ ಎಲ್ಲೈತಿ?”

ತಪ್ಪು ನನ್ನದೇ. ಅರ್ಜಿ ತುಂಬಿದವನು ನಾನು. (ಪೇಪರಿಗೆ ಬರೆಯುವವನೆಂದು ಮನೆತನದ ಫಾರ್ಮುಗಳೆಲ್ಲ ನನ್ನ ಕೊರಳಿಗೇ ಬೀಳುತ್ತವೆ.) ಅದರಲ್ಲಿ ‘ಡೊಮೆಸ್ಟಿಕ್’, ‘ಇಂಟರ್‌ನ್ಯಾಷನಲ್’ ಅಂತ ಎರಡು ಚೌಕ. ಡೊಮೆಸ್ಟಿಕ್ ಅಂದರೆ ನನಗೆ ಗೊತ್ತಿದ್ದದ್ದು ಗ್ಯಾಸ್ ಸಿಲಿಂಡರ್. ಅಕ್ಷತಾ ಓದಿದ್ದೋ, ಊರ ಹೊರಗಿನ ‘ಇಂಟರ್‌ನ್ಯಾಷನಲ್’ ಪಿಯು ಕಾಲೇಜಿನಲ್ಲಿ! ಯಾವ ನಮೂನಿ ಕಾಲೇಜು ಅಂತ ಕೇಳುತ್ತಿದ್ದಾರೆಂದು ತಿಳಿದು ಧೈರ್ಯವಾಗಿ ಟಿಕ್ ಹೊಡೆದೆ. ಗ್ರಾನೈಟ್ ಧೂಳಿನ ನಡುವೆ ತಗಡಿನ ಶೆಡ್ ಹಾಕಿ ಇಂಟರ್‌ನ್ಯಾಷನಲ್ ಎಂದು ಬೋರ್ಡ್ ಬರೆಸಿದರೆ ನನ್ನಂಥವನು ಏನು ಮಾಡಬೇಕು?

ಹಿಂದಿನ ವಾರ ಬಂದ ತಾತ್ಕಾಲಿಕ ಪಟ್ಟಿಯಲ್ಲಿ ಆಕೆಯದು ಮೊದಲನೇ ನಂಬರ್. ಅಕ್ಕ ಇಡೀ ಓಣಿಗೆ ಪೇಢೆ ಹಂಚಿದ್ದಳು. ಅದು ಹೊರದೇಶದವರ ಪಟ್ಟಿ, ಅದರಲ್ಲಿ ಇದ್ದದ್ದೇ ಒಂದು ಹೆಸರು ಎಂದು ಈಗ ಗೊತ್ತಾಯಿತು.

“ಹಂಗಾರ ಅದರಾಗ ಇರ್ಲಿ ಬಿಡ್ರಿ” ಎಂದೆ, ನಾಚಿಕೆ ಬಿಟ್ಟು.

“ಪಾಸ್‌ಪೋರ್ಟ್ ತರ್ರಿ, ಇಡ್ತೇನಿ. ಇಲ್ಲಾಂದ್ರ ಸಂಜಿ ಐದರೊಳಗ ತಿದ್ದುಪಡಿ ಪತ್ರ ಕಳಸ್ರಿ. ನಮ್ಮ ದೇಶದವ್ರ ಪಟ್ಟಿಗೆ ಹಾಕ್ತೇನಿ. ಅಲ್ಲಿ ಮಂದಿ ಭಾಳ ಅದಾರ. ಸೀಟ್ ಸಿಗ್ತದಂತ ನಾ ಹೇಳೂದಿಲ್ಲ.”

ಫಿಸಿಯೋಥೆರಪಿಯನ್ನೇ ಓದಬೇಕೆಂಬುದು ಅಕ್ಷತಾಳ ಹಟ. ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯನ್ನು ದಿನಾ ಕೈಹಿಡಿದು ನಡೆಸಿ, ಮನೆ ಮುಂದಿನ ಕಟ್ಟೆಯವರೆಗೆ ತಂದ ಹುಡುಗಿ. ಬೇರೆ ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ನನ್ನ ಒಂದು ಟಿಕ್ಕಿಗೆ ಆಕೆಯ ಒಂದು ವರ್ಷ ಹಾಳಾಗಬೇಕೆ?

ನಾಲ್ಕೂವರೆಗೆ ಪತ್ರ ಕಳಿಸಿದೆ. ಆಮೇಲೆ ಎರಡು ದಿನ ಊಟ ರುಚಿಸಲಿಲ್ಲ. ಅಕ್ಕನ ಫೋನ್ ಮಾತ್ರ ತಪ್ಪದೆ ಬರುತ್ತಿತ್ತು. “ಲೇ, ಓಣಿ ಮಂದಿಗೆ ಈಗ ಏನಂತ ಹೇಳ್ಲಿ?”

ಹೊರದೇಶದವರಿಗೆ ಸೀಟು ಸಲೀಸು ಅಂತ ನಾವು ಎಷ್ಟು ಸಲ ಗೊಣಗಿಲ್ಲ? ಅವರ ಸಾಲು ಸಣ್ಣದು, ನಿಜ. ಆ ಸಾಲಿಗೆ ಬರಲು ಅವರು ಎಷ್ಟು ಕಾಗದ ಹೊಂದಿಸಬೇಕು, ಯಾರನ್ನೆಲ್ಲ ಬಿಟ್ಟು ಬರಬೇಕು ಅಂತ ಯೋಚಿಸಿದವರಾರು? ಪಾಸ್‌ಪೋರ್ಟ್ ಕೇಳಿದ ಮೇಲೆಯೇ ನನ್ನ ತಲೆಗೂ ಅದು ಹೋದದ್ದು.

ಮೂರನೇ ದಿನ ಅಂತಿಮ ಪಟ್ಟಿ ಬಂತು. ಮೇಲಿಂದ ಹುಡುಕಿದೆ, ಸಿಗಲಿಲ್ಲ. ಕೆಳಗಿಂದ ಹುಡುಕಿದೆ. ಕೊನೆಯಿಂದ ಮೂರನೆಯ ಹೆಸರು ಅಕ್ಷತಾ! ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರೂ ಬಂತು, ಮುಚ್ಚಿಡುವುದೇನು?

ಸೀಟೇನೋ ಸಿಕ್ಕಿತು. ಆದರೂ ನನ್ನೊಳಗೆ ಅಳುಕು. “ಫಸ್ಟ್ ನಂಬರ್ ಹೋತಲ್ಲವಾ ತಂಗಿ” ಎಂದೆ.

ಅಕ್ಷತಾ ನಕ್ಕಳು. “ಹೋಗ್ಲಿ ಬಿಡು ಮಾಮಾ. ಅಲ್ಲಿ ನಾ ಒಬ್ಬಾಕೀನ ಇದ್ನಿ. ಯಾರನ್ನ ಹಿಂದ ಹಾಕಿದಂಗಾತು?”