ಕರಗುವ ಸಿಮೆಂಟಿನ ಕೀರ್ತಿರಾಜ

ಹಾಸನದ ನಮ್ಮ ಪಕ್ಕದ ಮನೆಯ ಕೀರ್ತಿರಾಜ ಕಾಲೇಜಿನ ಲ್ಯಾಬಿನಲ್ಲಿ ಒಂದು ಸಿಮೆಂಟು ತಯಾರಿಸುತ್ತಿದ್ದಾನೆ; ಮೂಳೆಯಲ್ಲಿ ಬಿದ್ದ ಗುಳಿಯೊಳಗೆ ತುಂಬಿದರೆ ಗಟ್ಟಿಯಾಗಿ ಕೂತು, ಹೊಸ ಮೂಳೆ ಬೆಳೆದಂತೆಲ್ಲ ತಾನೇ ಕರಗಿಹೋಗಬೇಕಂತೆ. ಊಟಕ್ಕೆ ಕೂತರೂ ಅವನಿಗೆ ಅದೇ ಧ್ಯಾನ. ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿ, "ಸೆಟ್ಟಿಂಗ್ ಚೆನ್ನಾಗದೆ" ಎಂದು ಹೆಂಡತಿ ರಂಜಿನಿಯನ್ನು ಪಾಸು ಮಾಡುತ್ತಾನೆ. ಲ್ಯಾಬಿನಲ್ಲಿ ಪುಡಿ ಅರೆಯುವುದು, ಕಲಸುವುದು, ಬಟ್ಟಲು ತೊಳೆದು ಒರೆಸಿ ಕವುಚಿಡುವುದು ಎಲ್ಲವೂ ಅವನದೇ, ವಿದ್ಯಾರ್ಥಿಗಳು ಮುಟ್ಟುವಂತಿಲ್ಲ. "ಆ ಕೈನ ಒಂದಿನ ಮನೆಗೂ ತಕಬನ್ನಿ" ಎಂದು ರಂಜಿನಿ ಕೆಣಕಿದರೆ ಹಲ್ಲುಬಿಡುತ್ತಾನೆ. ಅವನ ಹಟವೆಲ್ಲ ಅವ್ವ ಮಾಯಮ್ಮನಿಗಾಗಿ. ಗಡ್ಡೆ ಕೆರೆದು ತೆಗೆದ ಮೇಲೆ ಅವಳ ಮೊಣಕಾಲ ಕೆಳಗಿನ ಮೂಳೆಯಲ್ಲಿ ಗುಳಿ ಉಳಿದಿದೆ. "ನನ್ ಕಾಲ್ಗೆ ಯಾವತ್ತು ಆಕ್ತೀಯಲಾ?" ಎಂದರೆ, "ಇನ್ನೂ ಟೆಸ್ಟಿಗೆ ಅಂತ ಮೊಲಕ್ಕೇ ಆಕಿಲ್ಲ ಕಣವ್ವ" ಎನ್ನುತ್ತಾನೆ. "ನಿನ್ನ ಹೆತ್ತಿದ್ದು ಮೊಲವೇನ್ಲಾ, ನಾನಾ?" ಎಂದು ಅವಳು ತಿವಿಯುತ್ತಾಳೆ. ಎಕ್ಸ್‌ರೇ ನೋಡಿ ನೋಡಿ ಆ ಗುಳಿಯ ಅಂಚು ಅವನಿಗೆ ಬಾಯಿಪಾಠವಾಗಿದೆ. ಮೊನ್ನೆ ರಂಜಿನಿ ಡ್ಯೂಟಿಗೆ ಹೋಗಿದ್ದಳು. ಮಾಯಮ್ಮ ನೋವಿನ ಕಾಲನ್ನು ಎತ್ತಿ ಹಿಡಿದು, ಸಿಂಕಿನ ಮುಂದೆ ಒಂಟಿಕಾಲಲ್ಲಿ ನಿಂತು ಪಾತ್ರೆ ತೊಳೆಯುತ್ತಿದ್ದಳು. ಕೀರ್ತಿರಾಜ ಗಾಬರಿಯಿಂದ ಓಡಿ ಬಂದು, "ಆ ಕಾಲಿಟ್ಕಂಡು ನಿಲ್ಬ್ಯಾಡ ಅಂತ ಎಷ್ಟ್ ಸಲ ಏಳಾದವ್ವಾ?" ಎಂದು ಗದರಿ, ತಾನು ಕುಡಿದ ಕಾಫಿ ಲೋಟವನ್ನು ಅವಳ ಕೈಗಿಟ್ಟು ಲ್ಯಾಬಿಗೆ ಹೊರಟ.