ಒದೆಯುವ ಕಾಲು, ಜೋತುಬಿದ್ದ ಮಣಿಕಟ್ಟು

"ಸಾರಿನಾಗ ಏನ್ ಹಾಕೀ?" ಎಂದು ನನ್ನ ಗಂಡ ತಟ್ಟೆ ಸರಿಸಿದರು.

"ದಿನಾ ಹಾಕೋದನ್ನ ಹಾಕೀನ್ರೀ."

"ಬಾಯಾಗ ಕಬ್ಬಿಣ ನೆಕ್ಕಿದಂಗ ಆಗಾಕತ್ತೈತಿ."

ಕಾಯಿಲೆ ಅಂದೇ ಮನೆಯೊಳಗೆ ಬಂದಿತ್ತು. ನನಗೆ ತಿಳಿಯಲಿಲ್ಲ.

ನನ್ನ ಗಂಡ ಅಮರೇಶ ಮಸ್ಕಿಯಲ್ಲಿ ಬೋರ್ಡು ಬರೆಯುವ ಪೇಂಟರ್. ಹೋದ ವರ್ಷ, ಅಂದರೆ ತೊಂಬತ್ತೈದರಲ್ಲಿ, ಸಿಂಧನೂರಿನ ಬಸ್ ಸ್ಟ್ಯಾಂಡ್ ಬಳಿ ವಿಡಿಯೋ ಗೇಮ್ ಅಂಗಡಿ ಶುರುವಾಯಿತು. ಆಟದಲ್ಲಿ ಕಾದಾಡುವ ಆಳನ್ನು ಗೋಡೆಯ ಮೇಲೆ ತಲೆಯಿಂದ ಪಾದದವರೆಗೆ ಬಿಡಿಸಬೇಕು, ಅವನು ಗಾಳಿಯಲ್ಲಿ ಹಾರಿ ಒದೆಯುತ್ತಿರಬೇಕು ಎಂದು ಅಂಗಡಿಯವರು ಹೇಳಿದ್ದರು. ಮುಖ ಬಿಡಿಸುವುದು ಇವರಿಗೆ ಸಲೀಸು. ನೆಲ ಬಿಟ್ಟು ಹಾರಿದ ಪೂರ್ತಿ ಮೈ ಹೊಸದು. ಅದಕ್ಕೇ ನನ್ನನ್ನು ಕಂಬ ಹಿಡಿಸಿ ಒಂದು ಕಾಲೆತ್ತಿ ನಿಲ್ಲಿಸುತ್ತಿದ್ದರು. ಹಿಮ್ಮಡಿಯಿಂದ ನೆತ್ತಿಯವರೆಗೆ ಮೊದಲು ಬಿಲ್ಲಿನಂತೆ ಬಾಗಿದ ಒಂದೇ ಗೆರೆ. ಆಮೇಲೆ ಸೊಂಟ, ಹೆಗಲು, ಮುಷ್ಟಿ. ಕಾಲು ನಡುಗಿ ನಾನು ನಕ್ಕರೆ ಅವರೂ ನಗುತ್ತಿದ್ದರು.

ಆಮೇಲೆ ಹೊಟ್ಟೆ ಹಿಂಡುವ ನೋವು. ಮುಖ ಬಿಳಿಚಿತು. ಮಸ್ಕಿಯ ಡಾಕ್ಟರು ಗ್ಯಾಸ್ ಎಂದರು, ಲಿಂಗಸುಗೂರಿನವರು ಅಲ್ಸರ್ ಎಂದರು. ಗುಳಿಗೆ ಬದಲಾದವು, ನೋವು ಬದಲಾಗಲಿಲ್ಲ. ಅತ್ತೆ ಒಲೆಯ ಮುಂದೆ ನಿಂತು, ನನ್ನ ಕಡೆ ನೋಡದೆ ಹೇಳಿದರು: "ಯಾರೋ ಮದ್ದು ಹಾಕ್ಯಾರ. ಅನ್ನದಾಗ ಹಾಕ್ಯಾರ."

ಅನ್ನ ಮಾಡುವವಳು ನಾನೊಬ್ಬಳೇ.

ಗಂಡ ನನ್ನ ಕೈಯ ಊಟ ಬಿಟ್ಟು ಸಿಂಧನೂರಿನ ಖಾನಾವಳಿ ಹಿಡಿದರು. ನೀರು ಕೊಟ್ಟರೆ ಮೊದಲು ನನಗೇ ಕುಡಿಯಲು ಹೇಳುವರು. ಕುಡಿಯುತ್ತಿದ್ದೆ. ಬರಬರುತ್ತಾ ಅನುಮಾನ ನನ್ನನ್ನೂ ಹಿಡಿಯಿತು. ಖಾನಾವಳಿಯವನು, ಈ ಕೆಲಸ ಕೈತಪ್ಪಿದ ಇನ್ನೊಬ್ಬ ಪೇಂಟರ್, ಕಡೆಗೆ ಅತ್ತೆ, ಯಾರನ್ನೂ ಬಿಡಲಿಲ್ಲ. ಹಿಟ್ಟಿನ ಡಬ್ಬಿಗೆ ಬೀಗ ಹಾಕಿದೆ.

ಒಂದು ಮಧ್ಯಾಹ್ನ ಅವರು ಕೆಲಸ ಅರ್ಧಕ್ಕೇ ಬಿಟ್ಟು ಬಸ್ಸಿನಲ್ಲಿ ಬಂದರು. ಬಲಗೈ ಮಣಿಕಟ್ಟು ಜೋತುಬಿದ್ದಿತ್ತು.

"ಶರಣೀ, ಕೈ ಏಳವಲ್ದು."

ಒದೆಯುವ ಪಾದ ಬಿಡಿಸುತ್ತಿದ್ದಾಗ ಬ್ರಷ್ ಜಾರಿತಂತೆ.

ರಾಯಚೂರಿನ ಡಾಕ್ಟರು ಅವರ ತುಟಿ ಎತ್ತಿ ಒಸಡಿಗೆ ಟಾರ್ಚ್ ಬಿಟ್ಟರು. ಅಲ್ಲೊಂದು ನೀಲಿ ಗೆರೆ.

"ಏನ್ ಕೆಲಸ?"

"ಪೇಂಟರ್ ರೀ. ಪುಡಿ ಬಣ್ಣ ಎಣ್ಣ್ಯಾಗ ಕಲಸ್ತೀನಿ."

"ಬ್ರಷ್ ಹೆಂಗ ಚೂಪ್ ಮಾಡ್ತೀರಿ?"

"ತುಟಿಯಿಂದ ರೀ."

ಬಣ್ಣದಲ್ಲಿನ ಸೀಸ ಮೈಗಿಳಿದಿದೆ, ಲೆಡ್ ಪಾಯ್ಸನಿಂಗ್ ಇರಬೇಕು, ರಕ್ತವನ್ನು ಟೆಸ್ಟ್‌ಗೆ ಹೊರಗೆ ಕಳಿಸೋಣ ಎಂದರು.

ನಾನು ಕೇಳಿದೆ: "ಊಟದಾಗಿಂದ ಬಂದಿದ್ದಲ್ಲಲ್ರೀ ಸರ?"

"ಅಲ್ಲಮ್ಮ."

"ಇವರ ಕಡೆ ನೋಡಿ ಇನ್ನೊಮ್ಮೆ ಹೇಳ್ರಿ."

ಡಾಕ್ಟರು ಹೇಳಿದರು. ಇವರು ನೆಲ ನೋಡಿದರು. ಆದರೂ ವಾರ್ಡಿಗೆ ಹೋಗುವಾಗ ಮೆಲ್ಲಗೆ ಕೇಳಿದರು: "ಡಾಕ್ಟರಿಗೆ ನೀ ಮೊದಲ ಏನರ ಹೇಳೀಯೇನು?"

ನಾನು ಚೀಲ ಎತ್ತಿಕೊಂಡು ಮುಂದೆ ನಡೆದೆ.

ರಿಪೋರ್ಟ್ ಬಂತು. ಸೀಸವೇ. ಇಂಜೆಕ್ಷನ್ ಶುರುವಾದವು, ಮಣಿಕಟ್ಟಿಗೆ ಪಟ್ಟಿ ಕಟ್ಟಿದರು. ಆ ಸಂಜೆ ನಾನು ರೊಟ್ಟಿ ಮುರಿದು ರೂಢಿಯಂತೆ ಮೊದಲು ನನ್ನ ಬಾಯಿಗೆ ಒಯ್ದೆ. ಅವರು ಎಡಗೈಯಿಂದ ನನ್ನ ಕೈ ಹಿಡಿದರು. "ನೀ ತಿನಬ್ಯಾಡ. ನನಗ ಕೊಡು." ಉಣಿಸಿದೆ. ಸಿಟ್ಟು ಮಾತ್ರ ಹೋಗಿರಲಿಲ್ಲ. ಈಗಲೂ ಪೂರ್ತಿ ಹೋಗಿಲ್ಲ.

ನರ ನಿಧಾನಕ್ಕೆ ಚೇತರಿಸಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು, ಹಾಗೇ ಆಯಿತು. ಮೊದಲು ಬೆರಳು ಬಿಚ್ಚಿದವು, ಆಮೇಲೆ ಮಣಿಕಟ್ಟು ಅಷ್ಟಷ್ಟೇ ಎದ್ದಿತು. ಇವರು ಪುಡಿ ಬಣ್ಣ ಬಿಟ್ಟರು. ಅತ್ತೆ ಈಗಲೂ ಅಡುಗೆ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾರೆ, ನೋಡಲಿ.

ಹೋದ ವಾರ ಸಿಂಧನೂರಿಗೆ ಹೋದೆವು. ಗೋಡೆಯ ಮೇಲಿನ ಆಳು ಅಷ್ಟು ತಿಂಗಳಿಂದ ಒಂದು ಪಾದವಿಲ್ಲದೆ ಹಾರುತ್ತಿದ್ದ. ಅವರು ಬ್ರಷ್ಷನ್ನು ಅರಿವೆಗೆ ಒರೆಸಿ ಚೂಪು ಮಾಡಿಕೊಂಡು ಹಿಮ್ಮಡಿಯಿಂದ ಶುರು ಮಾಡಿದರು. ಕೈ ಸೋತಾಗ ನಿಲ್ಲಿಸಿ ಮತ್ತೆ ಎತ್ತಿದರು. ಪಾದ ಚೆನ್ನಾಗಿ ಬಂತೆಂದು ಅಂಗಡಿಯವರು ಹೇಳಿದರು.

ನಾನು ನೋಡಿರಲಿಲ್ಲ. ಕೆಲಸ ಮುಗಿಯುವವರೆಗೂ ಅವರ ತುಟಿಯನ್ನೇ ನೋಡುತ್ತಾ ಕೂತಿದ್ದೆ.